ಬಾಗಿಲು ತೆರೆದರೂ ಹೋಗಲಾರದ ಬೆಕ್ಕು

ಈದ್ ಕಳೆದು ಎರಡು ತಿಂಗಳಾಗಿತ್ತು. ನನ್ನ ತರಗತಿಗೆ ಬರುವ ಹುಡುಗಿಯೊಬ್ಬಳು ನಾಲ್ಕು ದಿನ ಕಾಣಿಸಲಿಲ್ಲ. ವಿಚಾರಿಸಿ ಬರೋಣವೆಂದು ಗುರಪ್ಪನಪಾಳ್ಯದ ಅವಳ ಮನೆಗೆ ಹೋದೆ. ಮಗುವಿನ ಕುತ್ತಿಗೆ, ಕೈಗಳ ಮೇಲೆಲ್ಲ ಹುಳುಕಡ್ಡಿ ಎದ್ದಿತ್ತು. “ಎಲ್ಲಿಂದ ಅಂಟಿತು?” ಎಂದು ಕೇಳಿದಾಗ ಅವಳ ತಾಯಿ ಮಾತಾಡದೆ ನನ್ನನ್ನು ಅಡುಗೆಮನೆಯ ಹಿಂದಿನ ಪಾತ್ರೆ ತೊಳೆಯುವ ಜಾಗಕ್ಕೆ ಕರೆದುಕೊಂಡು ಹೋದರು.

ಅಲ್ಲಿ ವಾಷಿಂಗ್ ಮೆಷೀನಿನ ಸಂದಿಯಲ್ಲಿ ಒಂದು ಬೆಕ್ಕು ಕುಳಿತಿತ್ತು. ಒಂದು ಕಾಲದಲ್ಲಿ ಅದು ಬೆಳ್ಳಗಿದ್ದಿರಬೇಕು. ಹೊಟ್ಟೆಯ ಕೆಳಗಿನ ಕೂದಲು ತೆಂಗಿನ ನಾರಿನಂತೆ ಗಂಟುಗಟ್ಟಿ ನೇತಾಡುತ್ತಿತ್ತು. ಒಂದು ಕಣ್ಣು ಪಿಸುರು ಕಟ್ಟಿ ಮುಚ್ಚಿಹೋಗಿತ್ತು. ದೊಡ್ಡ ಮಗ ಈದಿಗೆ ಬೇರೇನೂ ಬೇಡ, ಪರ್ಶಿಯನ್ ಬೆಕ್ಕೇ ಬೇಕು ಎಂದು ಹಟ ಹಿಡಿದು ತರಿಸಿಕೊಂಡದ್ದಂತೆ.

“ಒಂದು ತಿಂಗಳು ತೊಡೆಯ ಮೇಲಿಂದ ಇಳಿಸಲಿಲ್ಲ ಆಪಾ. ಈಗ ಅದರ ಕಡೆ ತಿರುಗಿ ನೋಡುವುದಿಲ್ಲ. ನಾನೊಬ್ಬಳೇ ಎಷ್ಟು ಅಂತ ಮಾಡಲಿ? ಎರಡು ಸಲ ಮಟನ್ ಅಂಗಡಿ ಹತ್ತಿರ ಬಿಟ್ಟು ಬಂದೆವು. ಬೇರೆ ಬೆಕ್ಕುಗಳ ಹಾಗೆ ಎಲ್ಲಾದರೂ ತಿಂದುಕೊಂಡಿರಲಿ ಅಂತ. ಸಂಜೆ ನೋಡಿದರೆ ಬಿಟ್ಟ ಜಾಗದಲ್ಲೇ ಕೂತಿತ್ತು. ಮನಸ್ಸು ತಡೆಯದೆ ಎತ್ತಿಕೊಂಡು ಬಂದೆವು” ಎಂದರು. ಆಮೇಲೆ ಧ್ವನಿ ತಗ್ಗಿಸಿ, “ಬಿಟ್ಟುಬಿಟ್ಟರೆ ಗುನಾಹ್ ಆಗುತ್ತಾ ಆಪಾ?” ಎಂದು ಕೇಳಿದರು.

ಪ್ರಿಯ ಸಹೋದರಿಯರೇ, ಈ ಪ್ರಶ್ನೆ ಆ ಒಂದು ಮನೆಯದ್ದಲ್ಲ. ತಿಲಕನಗರ, ಇಲ್ಯಾಸ್ ನಗರ, ಯಾರಬ್ ನಗರದಿಂದ ಹಿಡಿದು ಜೆ.ಪಿ. ನಗರ, ಬಿ.ಟಿ.ಎಂ. ಲೇಔಟಿನ ಫ್ಲಾಟುಗಳವರೆಗೆ ಇಂದು ಪರ್ಶಿಯನ್ ಬೆಕ್ಕುಗಳು ನಮ್ಮ ಮನೆಗಳನ್ನು ಹೊಕ್ಕಿವೆ. ನಾಯಿಯನ್ನು ಮನೆಯೊಳಗೆ ಸಾಕಲು ಹಿಂಜರಿಯುವ ನಮ್ಮ ಮಕ್ಕಳಿಗೆ ಬೆಕ್ಕೇ ಸುಲಭದ ಆಸೆ. ಆದರೆ ಈ ಬೆಕ್ಕು ಯಾರು, ಅದಕ್ಕೇನು ಬೇಕು ಎಂದು ತಿಳಿಯದೆ ತಂದರೆ ಕೊನೆಗೆ ಅದರ ಹೊರೆ ಬೀಳುವುದು ಮನೆಯ ಹೆಂಗಸಿನ ಮೇಲೆ. ಜೊತೆಗೆ ನಾಳೆ ಅಲ್ಲಾಹನ ಮುಂದೆ ಲೆಕ್ಕವನ್ನೂ ಕೊಡಬೇಕು.

ಹೆಸರು ಪರ್ಶಿಯಾದ್ದು, ಬೆಳೆದದ್ದು ಯುರೋಪಿನಲ್ಲಿ

ಪರ್ಶಿಯಾ ಎಂದರೆ ಇಂದಿನ ಇರಾನ್. 1620ರ ಸುಮಾರಿಗೆ ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಅಲ್ಲಿಗೆ ಹೋಗಿದ್ದ. ಖುರಾಸಾನ್ ಪ್ರಾಂತದ ನೀಳ ಕೂದಲಿನ ಬೂದು ಬಣ್ಣದ ಬೆಕ್ಕುಗಳನ್ನು ಮೆಚ್ಚಿ, ತನ್ನ ದೇಶಕ್ಕೂ ಒಯ್ಯಬೇಕೆಂದು ಬರೆದಿಟ್ಟಿದ್ದಾನೆ. ಹೀಗೆ ಯುರೋಪನ್ನು ಸೇರಿದ ನೀಳ ಕೂದಲಿನ ಬೆಕ್ಕುಗಳು ಅಲ್ಲಿಯ ಶ್ರೀಮಂತರ ಮನೆಗಳ ಮೆರುಗಾದವು. 1871ರ ಜುಲೈಯಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಹ್ಯಾರಿಸನ್ ವೀರ್ ಎಂಬವರು ನಡೆಸಿದ ಹೆಸರಾಂತ ಬೆಕ್ಕಿನ ಪ್ರದರ್ಶನದಲ್ಲಿ ಪರ್ಶಿಯನ್ ಬೆಕ್ಕುಗಳೂ ಇದ್ದವು. ಅಲ್ಲಿಂದ ಮುಂದೆ ಇವುಗಳನ್ನು ಆರಿಸಿ ಆರಿಸಿ ಕೂಡಿಸಿ ಮರಿ ಮಾಡಿಸುವ ಹವ್ಯಾಸ ಬೆಳೆಯಿತು.

2008ರಲ್ಲಿ ವಿಜ್ಞಾನಿಗಳು ಬೇರೆ ಬೇರೆ ತಳಿಯ ಬೆಕ್ಕುಗಳ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ, ಇಂದಿನ ಪರ್ಶಿಯನ್ ಬೆಕ್ಕಿನ ನಂಟು ಮಧ್ಯಪ್ರಾಚ್ಯದ ಬೆಕ್ಕುಗಳಿಗಿಂತ ಪಶ್ಚಿಮ ಯುರೋಪಿನ ಬೆಕ್ಕುಗಳ ಜೊತೆಗೇ ಹೆಚ್ಚೆಂದು ಕಂಡುಬಂತು. ಅಂದರೆ ಹೆಸರು ಮಾತ್ರ ಹಳೆಯ ಊರಿನದ್ದಾಗಿ ಉಳಿದಿದೆ. ನಾವು ಇಂದು ಕಾಣುವ ಈ ಬೆಕ್ಕು ಮನುಷ್ಯರ ಅಭಿರುಚಿ ರೂಪಿಸಿದ ಬೆಕ್ಕು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗುರುತಿಸುವುದು ಹೇಗೆ?

ಗುಂಡು ತಲೆ, ದುಂಡು ಕಣ್ಣು, ಚಿಕ್ಕ ಕಿವಿ, ಗಿಡ್ಡ ದಪ್ಪ ಕಾಲುಗಳು, ಪೊದೆಯಂತಹ ಬಾಲ, ಮೈತುಂಬಾ ನೀಳ ಕೂದಲು. ಬಿಳಿ, ಕಪ್ಪು, ಬೂದು, ಕೆಂಚು ಹೀಗೆ ನಾನಾ ಬಣ್ಣಗಳಲ್ಲಿ ಸಿಗುತ್ತದೆ. ಮುಖ, ಕಿವಿ, ಕಾಲು, ಬಾಲ ಮಾತ್ರ ಗಾಢ ಬಣ್ಣವಿದ್ದು ಕಣ್ಣು ನೀಲಿಯಿದ್ದರೆ ಅದನ್ನು ಹಿಮಾಲಯನ್ ಎನ್ನುತ್ತಾರೆ. ಅದಕ್ಕೂ ನಮ್ಮ ಹಿಮಾಲಯ ಪರ್ವತಕ್ಕೂ ಸಂಬಂಧವಿಲ್ಲ. ಅದು ಪರ್ಶಿಯನ್ ಮತ್ತು ಸಯಾಮೀಸ್ ಬೆಕ್ಕುಗಳನ್ನು ಕೂಡಿಸಿ ಮಾಡಿದ ತಳಿ.

ನಮ್ಮಲ್ಲಿ ಮಾರುವವರ ಬಾಯಲ್ಲಿ ‘ಡಾಲ್ ಫೇಸ್’, ‘ಸೆಮಿ ಪಂಚ್’, ‘ಪಂಚ್ ಫೇಸ್’ ಎಂಬ ಮಾತುಗಳನ್ನು ಕೇಳುತ್ತೀರಿ. ಮೂಗು ಸ್ವಲ್ಪ ಎದ್ದು ಕಾಣುವುದು ಡಾಲ್ ಫೇಸ್. ಮೂಗು ಎರಡು ಕಣ್ಣುಗಳ ನಡುವೆ ಒತ್ತಿಟ್ಟಂತೆ ಒಳಗೆ ಹೋಗಿದ್ದರೆ ಪಂಚ್ ಫೇಸ್. ಮೂಗು ಚಪ್ಪಟೆಯಾದಷ್ಟೂ ಬೆಲೆ ಏರುತ್ತದೆ.

ಸ್ವಭಾವದಲ್ಲಿ ಇದು ಬಹಳ ಸಾಧು. ಕಿರುಚುವುದು ಕಡಿಮೆ, ಹಾರಿ ನೆಗೆಯುವುದೂ ಕಡಿಮೆ. ಮನೆಯಲ್ಲಿ ಗದ್ದಲ ಹೆಚ್ಚಾದರೆ ಮೂಲೆ ಸೇರುತ್ತದೆ. ನಂಬಿಕೆ ಬಂದವರ ಪಕ್ಕದಲ್ಲಿ ಗಂಟೆಗಟ್ಟಲೆ ಕುಳಿತಿರುತ್ತದೆ. ಒಂಟಿಯಾಗಿರುವ ಅಜ್ಜಿಯರಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಸಿಗಲಿಕ್ಕಿಲ್ಲ.

ಅಂದಕ್ಕೆ ತೆತ್ತ ಬೆಲೆ

ಮುಖ ಚಪ್ಪಟೆಯಾದರೆ ಮೂಗಿನ ಹೊಳ್ಳೆ ಕಿರಿದಾಗುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಕಣ್ಣೀರು ಮೂಗಿಗೆ ಇಳಿಯುವ ನಾಳ ಬಾಗುವುದರಿಂದ ಕಣ್ಣಿನಿಂದ ಸದಾ ನೀರು ಸುರಿಯುತ್ತದೆ. ದವಡೆ ಗಿಡ್ಡದಾದ್ದರಿಂದ ಹಲ್ಲುಗಳು ಒತ್ತೊತ್ತಾಗಿ ಬೆಳೆದು ವಸಡು ಕೆಡುತ್ತದೆ.

ಇನ್ನೊಂದು ಕಾಯಿಲೆ ಹೊರಗೆ ಕಾಣುವುದಿಲ್ಲ. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ಬೆಳೆದು, ವರ್ಷಗಳು ಕಳೆದಂತೆ ಮೂತ್ರಪಿಂಡವೇ ಸೋಲುವ ಈ ವಂಶಪಾರಂಪರ್ಯ ರೋಗಕ್ಕೆ ಪಿ.ಕೆ.ಡಿ. ಎನ್ನುತ್ತಾರೆ. ತಾಯಿ ಅಥವಾ ತಂದೆ ಬೆಕ್ಕಿನಲ್ಲಿ ಒಂದಕ್ಕಿದ್ದರೂ ಪ್ರತಿ ಮರಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಇದಕ್ಕೆ ಕಾರಣವಾದ ವಂಶವಾಹಿ ದೋಷವನ್ನು 2004ರಲ್ಲಿ ಪತ್ತೆ ಹಚ್ಚಲಾಯಿತು. ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ತೆಗೆದ ಮಾದರಿಯಿಂದಲೇ ಈಗ ಪರೀಕ್ಷೆ ಮಾಡಬಹುದು. ಆದ್ದರಿಂದ ಮರಿಯನ್ನು ತರುವಾಗ “ತಾಯಿ ತಂದೆಗೆ ಪಿ.ಕೆ.ಡಿ. ಪರೀಕ್ಷೆ ಆಗಿದೆಯೇ?” ಎಂದು ಕೇಳಿ. ಉತ್ತರ ಕೊಡಲಾರದವರಿಂದ ಮರಿ ತರಬೇಡಿ.

ಬ್ರಿಟನ್ನಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪರ್ಶಿಯನ್ ಬೆಕ್ಕುಗಳ ದಾಖಲೆ ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇವುಗಳಿಗೆ ಅತಿ ಹೆಚ್ಚಾಗಿ ಕಾಡಿದ್ದು ಕೂದಲಿನ ತೊಂದರೆ, ನಂತರ ಹಲ್ಲು. ಸಾವಿಗೆ ಮುಖ್ಯ ಕಾರಣ ಮೂತ್ರಪಿಂಡದ ರೋಗ. ಚೆನ್ನಾಗಿ ನೋಡಿಕೊಂಡರೆ ಹದಿಮೂರು ಹದಿನಾಲ್ಕು ವರ್ಷ ಬಾಳುವ ಜೀವವಿದು. ಇಂದು ಈದಿ ಕೇಳುವ ಹತ್ತು ವರ್ಷದ ಮಗ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರುವವರೆಗೆ ಎಂದು ಲೆಕ್ಕ ಹಾಕಿಕೊಳ್ಳಿ.

ಹದೀಸಿನ ಎರಡು ದಾರಿ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಒಂದು ಬೆಕ್ಕಿನ ಕಾರಣಕ್ಕೆ ನರಕಕ್ಕೆ ಹೋದ ಮಹಿಳೆಯ ಹದೀಸ್ ನಿಮಗೆಲ್ಲ ಗೊತ್ತಿದೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಅದು ವರದಿಯಾಗಿದೆ. ಅವಳು ಬೆಕ್ಕನ್ನು ಕೂಡಿಹಾಕಿದಳು. ತಾನೂ ಅದಕ್ಕೆ ಉಣಿಸಲಿಲ್ಲ, ನೆಲದ ಹುಳುಹುಪ್ಪಟೆ ಹಿಡಿದು ತಿಂದುಕೊಳ್ಳಲಿ ಎಂದು ಬಿಡಲೂ ಇಲ್ಲ. ಹೀಗೆ ಅದು ಸತ್ತುಹೋಯಿತು.

ಸೂಕ್ಷ್ಮವಾಗಿ ಗಮನಿಸಿ. ಪ್ರವಾದಿ(ಸ)ರ ಮಾತಿನಲ್ಲಿ ಆ ಮಹಿಳೆಯ ಮುಂದೆ ಎರಡು ದಾರಿಗಳಿದ್ದವು: ಉಣಿಸುವುದು, ಇಲ್ಲವೇ ಬಿಟ್ಟುಬಿಡುವುದು. ನಮ್ಮ ಓಣಿಯ ನಾಡ ಬೆಕ್ಕಿಗೆ ಇಂದಿಗೂ ಆ ಎರಡೂ ದಾರಿಗಳಿವೆ. ಬಾಗಿಲು ತೆರೆದರೆ ಅದು ಮಾಳಿಗೆ ಹತ್ತಿ, ಇಲಿ ಹಿಡಿದು, ಮಟನ್ ಅಂಗಡಿಯ ಮುಂದೆ ಪಾಲು ಕೇಳಿ ಬದುಕಿಕೊಳ್ಳುತ್ತದೆ. ಆದರೆ ಪರ್ಶಿಯನ್ ಬೆಕ್ಕಿನ ವಿಷಯದಲ್ಲಿ ಎರಡನೆಯ ದಾರಿಯನ್ನು ಮನುಷ್ಯನೇ ಮುಚ್ಚಿಬಿಟ್ಟಿದ್ದಾನೆ. ಅದರ ಕೂದಲನ್ನು ಅದರ ನಾಲಿಗೆ ನಿಭಾಯಿಸಲಾರದು. ಚಪ್ಪಟೆ ಮೂಗಿನಿಂದ ಓಡಿದರೆ ಏದುಸಿರು. ತಲೆತಲಾಂತರದಿಂದ ಮನೆಯೊಳಗೇ ಬೆಳೆದು ಬೀದಿಯ ಬದುಕು ಅದಕ್ಕೆ ತಿಳಿಯದು. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಎಲ್ಲಿ ಹತ್ತಬೇಕೆಂದೂ ಗೊತ್ತಾಗುವುದಿಲ್ಲ. ಅದನ್ನು ಬೀದಿಗೆ ಬಿಡುವುದೂ, ಕೂಡಿಹಾಕಿ ಮರೆಯುವುದೂ ಒಂದೇ ಕಡೆಗೆ ಮುಟ್ಟುತ್ತವೆ.

ನಾನು ಆ ತಾಯಿಗೆ ಹೇಳಿದ್ದು ಇಷ್ಟೇ: “ಬೀದಿಗೆ ಬಿಡುವುದು ಬೇಡ. ಒಂದೋ ನೀವೇ ಸಾಕಬೇಕು, ಇಲ್ಲವೇ ಚೆನ್ನಾಗಿ ಸಾಕುವವರ ಕೈಗೆ ಒಪ್ಪಿಸಬೇಕು.” ದೇಶದ ಕಾನೂನೂ ಹಾಗೆಯೇ ಹೇಳುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂತಹ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದುಬಿಡುವುದು ಅಪರಾಧ.

ಬೆಕ್ಕಿನ ಬಗ್ಗೆ ನಮ್ಮ ಮನೆಗಳಲ್ಲಿ ಕೇಳಿಬರುವ ಕೆಲವು ಮಾತುಗಳನ್ನೂ ಇಲ್ಲಿ ತಿದ್ದಿಕೊಳ್ಳಬೇಕು. ಪ್ರವಾದಿ(ಸ)ರಿಗೆ ಮುಇಝ್ಝಾ ಎಂಬ ಬೆಕ್ಕಿತ್ತು, ಅದು ಮಲಗಿದ್ದಾಗ ಎಬ್ಬಿಸದೆ ಅಂಗಿಯ ತೋಳನ್ನೇ ಕತ್ತರಿಸಿದರು ಎಂಬ ಕತೆ ಹದೀಸ್ ಗ್ರಂಥಗಳಲ್ಲಿಲ್ಲ. ಅಂತಹ ಒಂದು ಘಟನೆಯನ್ನು 1182ರಲ್ಲಿ ನಿಧನರಾದ ಸೂಫಿ ಶೈಖ್ ಅಹ್ಮದ್ ರಿಫಾಈ ಅವರ ಬಗ್ಗೆ ಹೇಳುತ್ತಾರೆ. ಬೆಕ್ಕನ್ನು ಪ್ರೀತಿಸುವುದು ಈಮಾನಿನ ಭಾಗ ಎಂಬ ಮಾತನ್ನೂ ವಿದ್ವಾಂಸರು ಕಟ್ಟುಮಾತೆಂದು ತಳ್ಳಿಹಾಕಿದ್ದಾರೆ. ಕಟ್ಟುಕತೆಯ ಅಗತ್ಯ ನಮಗಿಲ್ಲ. ಕುಟುಂಬದ ಕುರಿ ಮೇಯಿಸುತ್ತಾ ಪುಟ್ಟ ಬೆಕ್ಕಿನ ಜೊತೆ ಆಡುತ್ತಿದ್ದುದಕ್ಕೆ ಅಬೂ ಹುರೈರಾ(ರ)ರಿಗೆ ಆ ಹೆಸರು ಬಂದದ್ದು ತಿರ್ಮಿದಿಯಲ್ಲೇ ಇದೆ.

ನಮಾಝ್ ಮತ್ತು ಬೆಕ್ಕಿನ ಕೂದಲು

ಅಬೂ ಕತಾದಾ(ರ)ರ ಸೊಸೆ ಕಬ್ಶಾ ಬಿಂತ್ ಕಅಬ್ ಮಾವನಿಗೆ ವುಝೂವಿನ ನೀರು ಇಟ್ಟಿದ್ದರು. ಬೆಕ್ಕೊಂದು ಬಂತು. ಅಬೂ ಕತಾದಾ(ರ) ಅದು ಕುಡಿಯಲೆಂದು ಪಾತ್ರೆಯನ್ನು ಬಾಗಿಸಿ ಹಿಡಿದರು. ಸೊಸೆ ಅಚ್ಚರಿಯಿಂದ ನೋಡಿದಾಗ, ಬೆಕ್ಕು ನಜಸ್ ಅಲ್ಲ, ಅದು ನಿಮ್ಮ ಸುತ್ತ ಸುಳಿದಾಡುವವರಲ್ಲಿ ಸೇರಿದ್ದು ಎಂದು ಪ್ರವಾದಿ(ಸ)ರು ಹೇಳಿದ್ದನ್ನು ತಿಳಿಸಿದರು. ಅಬೂದಾವೂದ್, ತಿರ್ಮಿದಿಗಳಲ್ಲಿ ಈ ಹದೀಸ್ ಇದೆ. ಇಲ್ಲಿ ಬಳಸಿದ ‘ತವ್ವಾಫೀನ್’ ಎಂಬ ಪದದ ಬೇರೇ ಸೂರಃ ಅನ್ನೂರ್‌ನ 58ನೇ ಆಯತ್‌ನಲ್ಲಿ ಮನೆಯ ಸೇವಕರು ಮತ್ತು ಮಕ್ಕಳ ಬಗ್ಗೆ ಬಂದಿದೆ. ಬೆಕ್ಕನ್ನು ಮನೆಮಂದಿಯ ಸಾಲಿನಲ್ಲೇ ಕೂರಿಸಿದ ಪದವಿದು! ತಮಗೆ ಕಳುಹಿಸಿದ ಹರೀಸಾಗೆ ಬೆಕ್ಕು ಬಾಯಿ ಹಾಕಿದಾಗ ಆಯಿಶಾ(ರ) ಅದು ತಿಂದ ಕಡೆಯಿಂದಲೇ ತಾವೂ ತಿಂದರೆಂದು ಅಬೂದಾವೂದ್‌ನಲ್ಲಿದೆ.

ಆದರೆ ಅದರ ಮಲ, ಮೂತ್ರ, ವಾಂತಿ ನಜಸ್. ಬಟ್ಟೆಗೆ ತಾಗಿದರೆ ತೊಳೆಯಲೇಬೇಕು. ಇನ್ನು ಉದುರುವ ಕೂದಲು. ಪರ್ಶಿಯನ್ ಬೆಕ್ಕಿರುವ ಮನೆಯಲ್ಲಿ ಮುಸಲ್ಲಾದ ಮೇಲೆ, ದುಪಟ್ಟಾದ ಮೇಲೆ ಕೂದಲಿಲ್ಲದ ದಿನವಿಲ್ಲ. ಹನಫೀ ಮದ್‌ಹಬ್ ಪ್ರಕಾರ ಆ ಕೂದಲು ಶುದ್ಧ, ನಮಾಝಿಗೆ ಅಡ್ಡಿಯಿಲ್ಲ. ಶಾಫಿಈ ಮದ್‌ಹಬ್ ಪ್ರಕಾರ ಉದುರಿದ ಕೂದಲು ನಜಸ್, ಆದರೂ ಸ್ವಲ್ಪವಿದ್ದರೆ ಮನ್ನಾ. ಕರಾವಳಿಯಿಂದ ಬಂದು ಬೆಂಗಳೂರಲ್ಲಿ ನೆಲೆಸಿದ ಶಾಫಿಈ ಸಹೋದರಿಯರು ನಮಾಝಿನ ಬಟ್ಟೆ, ಮುಸಲ್ಲಾಗಳನ್ನು ಬೀರುವಿನೊಳಗೆ ಬೇರೆಯಾಗಿಟ್ಟುಕೊಂಡರೆ ಮನಸ್ಸಿಗೆ ನೆಮ್ಮದಿ.

ದಿನಕ್ಕೆ ಕಾಲು ಗಂಟೆ

ಪರ್ಶಿಯನ್ ಬೆಕ್ಕಿನ ಆರೈಕೆಯ ಅರ್ಧ ಭಾಗ ಬಾಚಣಿಗೆಯಲ್ಲಿದೆ. ಸ್ಟೀಲಿನ ಹಲ್ಲಿನ ಬಾಚಣಿಗೆಯಿಂದ ದಿನವೂ ಬಾಚಬೇಕು. ಕಂಕುಳು, ಹೊಟ್ಟೆ, ಕಿವಿಯ ಹಿಂದೆ ಮೊದಲು ಗಂಟು ಬೀಳುತ್ತದೆ. ಗಂಟಾದರೆ ಕತ್ತರಿ ಹಾಕಬೇಡಿ, ಬೆಕ್ಕಿನ ಚರ್ಮ ತೆಳು, ಕೂದಲಿನ ಜೊತೆ ಚರ್ಮವೂ ಕತ್ತರಿಸಿಹೋಗುತ್ತದೆ. ವೈದ್ಯರ ಬಳಿ ಮೆಷಿನ್‌ನಲ್ಲಿ ತೆಗೆಸಿ. ಬಾಚದಿದ್ದರೆ ಅದು ನೆಕ್ಕಿ ನುಂಗಿದ ಕೂದಲು ಹೊಟ್ಟೆಯಲ್ಲಿ ಉಂಡೆ ಕಟ್ಟುತ್ತದೆ. ಕಣ್ಣುಗಳನ್ನು ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ದಿನವೂ ಒರೆಸಿ, ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ.

ಬೆಂಗಳೂರಿನ ಹವೆ ತಂಪು ಎಂದು ನಂಬಿ ಕೂರಬೇಡಿ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ತಲುಪಿತ್ತು. ಬೇಸಿಗೆಯಲ್ಲಿ ಶೀಟಿನ ಮನೆಯ ಕೆಳಗೆ ಈ ಬೆಕ್ಕನ್ನು ಕೂಡಿಹಾಕುವುದು ಅಪಾಯ. ನಾಯಿಯಂತೆ ಬಾಯಿ ತೆರೆದು ತೇಕಿದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ. ಫ್ಲಾಟಿನ ಬಾಲ್ಕನಿ, ಕಿಟಕಿಗಳಿಗೆ ಜಾಲರಿ ಹಾಕಿಸಿ.

ಬೆಕ್ಕು ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶ ಅದಕ್ಕೆ ಮಾಂಸದಿಂದಲೇ ಸಿಗಬೇಕು. ಅದು ಕೊರತೆಯಾದರೆ ಕಣ್ಣೂ ಹೃದಯವೂ ಕೆಡುತ್ತವೆ. ಹಾಲು ಅನ್ನದಲ್ಲಿ ಸಾಕಲು ಬರುವುದಿಲ್ಲ. ದೊಡ್ಡ ಬೆಕ್ಕಿಗೆ ಹಾಲು ಕೊಟ್ಟರೆ ಹೆಚ್ಚಾಗಿ ಭೇದಿಯಾಗುತ್ತದೆ. ಬೆಕ್ಕಿನ ಆಹಾರದ ಜೊತೆಗೆ ಉಪ್ಪು ಮಸಾಲೆಯಿಲ್ಲದೆ ಬೇಯಿಸಿದ ಕೋಳಿ ಕೊಡಬಹುದು. ಬೇಯಿಸಿದ ಎಲುಬು ಕೊಡಬೇಡಿ, ಅದು ಸೀಳಿ ಗಂಟಲಿಗೆ ಚುಚ್ಚುತ್ತದೆ.

ನಮ್ಮ ಮನೆಯಲ್ಲೇ ಇರುವ ವಿಷಗಳನ್ನು ತಿಳಿದಿರಿ:

* ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಮಿಕ್ಕ ಬಿರಿಯಾನಿ, ಸಾಲನ್ ಅದಕ್ಕೆ ಬೇಡ.
* ಮಕ್ಕಳ ಜ್ವರದ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಒಂದು ಬೆಕ್ಕನ್ನು ಕೊಲ್ಲಬಲ್ಲದು.
* ಲಿಲ್ಲಿ ಹೂವಿನ ಎಲೆ, ಪರಾಗ ಕೂಡ ಮೂತ್ರಪಿಂಡ ಕೆಡಿಸುತ್ತದೆ. ಹೂಗುಚ್ಛ ಬಂದರೆ ನೋಡಿ ಒಳಗಿಡಿ.
* ನೆಲ ಒರೆಸುವ ಫಿನಾಯಿಲ್, ಬೀರುವಿನ ನುಸಿಗುಳಿಗೆ ಎರಡೂ ಅಪಾಯ.
* ನಾಯಿಗೆ ಹಾಕುವ ಉಣ್ಣೆ, ಚಿಗಟದ ಔಷಧಿಯನ್ನು ಬೆಕ್ಕಿಗೆ ಹಾಕಬಾರದು.

ಮಕ್ಕಳು ಮತ್ತು ಗರ್ಭಿಣಿಯರು

ಹುಳುಕಡ್ಡಿ ಒಂದು ಬಗೆಯ ಶಿಲೀಂಧ್ರ. ನೀಳ ಕೂದಲಿನ ಬೆಕ್ಕಿಗೆ ಬೇಗ ಅಂಟುತ್ತದೆ, ಅದರಿಂದ ಮಕ್ಕಳಿಗೆ ಬರುತ್ತದೆ. ಆಗ ಮಗುವಿಗೂ ಬೆಕ್ಕಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ಎಂಟು ಒಂಬತ್ತು ವಾರಕ್ಕೆ ಮರಿಯ ಮೊದಲ ಲಸಿಕೆ, ಮೂರು ತಿಂಗಳಾದ ಮೇಲೆ ರೇಬಿಸ್ ಲಸಿಕೆ ಹಾಕಿಸಿ, ಮುಂದಿನ ಡೋಸ್‌ಗಳನ್ನು ವೈದ್ಯರು ಹೇಳಿದಂತೆ ಮುಂದುವರಿಸಿ. ಯಾವ ಬೆಕ್ಕು ಕಚ್ಚಿದರೂ ಪರಚಿದರೂ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

“ಸೊಸೆ ಬಸುರಿ, ಬೆಕ್ಕನ್ನು ಹೊರಹಾಕಿ” ಎಂದು ಹಿರಿಯರು ಹೇಳುವುದುಂಟು. ಭಯಕ್ಕೆ ಕಾರಣ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಅದು ಬೆಕ್ಕಿನ ಮಲದಲ್ಲಿರಬಹುದು, ಆದರೆ ಅದು ಸೋಂಕು ಹರಡುವಷ್ಟು ಬಲಿಯಲು ಒಂದರಿಂದ ಐದು ದಿನ ಬೇಕು. ಮಲದ ಟ್ರೇಯನ್ನು ದಿನವೂ ಶುಚಿ ಮಾಡಿದರೆ, ಆ ಕೆಲಸವನ್ನು ಬಸುರಿಯ ಬದಲು ಬೇರೆಯವರು ಮಾಡಿದರೆ, ಬೆಕ್ಕಿಗೆ ಹಸಿ ಮಾಂಸ ಕೊಡದಿದ್ದರೆ ಅಪಾಯ ಬಹಳ ಕಡಿಮೆ. ಚೆನ್ನಾಗಿ ಬೇಯದ ಮಾಂಸ, ತೊಳೆಯದ ತರಕಾರಿಯಿಂದಲೂ ಈ ಸೋಂಕು ಬರುತ್ತದೆಂದು ಮರೆಯಬಾರದು.

ತರುವ ಮುನ್ನ

ಹಣ ಕೊಟ್ಟು ಬೆಕ್ಕು ಕೊಳ್ಳುವುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಬೆಕ್ಕಿನ ಬೆಲೆಯನ್ನು ನಿರಾಕರಿಸುವ ಒಂದು ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿ ಜಾಬಿರ್(ರ)ರಿಂದ ವರದಿಯಾಗಿದೆ. ಹೆಚ್ಚಿನ ವಿದ್ವಾಂಸರು ಅದನ್ನು ಅಪ್ರಿಯವೆಂಬ ಅರ್ಥದಲ್ಲಿ ತೆಗೆದುಕೊಂಡು ಕೊಳ್ಳುವುದು ಸಲ್ಲುತ್ತದೆ ಎಂದಿದ್ದಾರೆ. ಇಬ್ನುಲ್ ಕಯ್ಯಿಮ್‌ರಂತಹವರು ಸಲ್ಲದು ಎಂದಿದ್ದಾರೆ. ಯಾರ ಭಿನ್ನಾಭಿಪ್ರಾಯಕ್ಕೂ ಎಡೆಯಿಲ್ಲದ ದಾರಿಯೊಂದಿದೆ: ಸಾಕಲಾಗದೆ ಯಾರೋ ಒಪ್ಪಿಸಲು ಕಾದಿರುವ ಬೆಕ್ಕನ್ನು ಮನೆಗೆ ತರುವುದು. 1991ರಿಂದ ಬೆಂಗಳೂರಿನಲ್ಲಿರುವ ಕ್ಯೂಪಾದಂತಹ ಪ್ರಾಣಿದಯಾ ಸಂಸ್ಥೆಗಳಲ್ಲಿ ವಿಚಾರಿಸಬಹುದು. ಕೊಳ್ಳುವುದೇ ಆದರೆ ಅಂಗಡಿ 2018ರ ನಿಯಮಗಳಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿದೆಯೇ ನೋಡಿ. ಪಂಚ್ ಫೇಸ್ ಬಿಟ್ಟು ಮೂಗು ಇರುವ ಮರಿಯನ್ನು ಆರಿಸಿ.

ಮರಿ ಹಾಕಿಸಿ ಮಾರುವ ಆಸೆಯಿಂದ ಸಾಕಬೇಡಿ. ಹೆಣ್ಣು ಬೆಕ್ಕು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮರಿ ಹಾಕಬಲ್ಲದು, ಅಷ್ಟಕ್ಕೂ ಮನೆ ಎಲ್ಲಿಂದ ತರುವುದು? ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳುವವರಿಗೆ: ಹನಫೀ ಫಿಕ್ಹ್‌ನಲ್ಲಿ ಪ್ರಯೋಜನವಿದ್ದರೆ ಪ್ರಾಣಿಗೆ ಇದನ್ನು ಮಾಡಿಸಲು ಅನುಮತಿಯಿದೆ. ಶಾಫಿಈ ಮದ್‌ಹಬ್‌ನಲ್ಲಿ ಬಿಗಿ ಹೆಚ್ಚು. ನಿಮ್ಮ ಆಲಿಮ್‌ರನ್ನು ಕೇಳಿ ನಿರ್ಧರಿಸಿ. ವೈದ್ಯರು ದುಬಾರಿ ಎನಿಸಿದರೆ 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆಯಿದೆ. ನಮ್ಮ ಕಡೆಯಿಂದ ದೂರವಾದರೂ ಹೋಗಿಬರಬಹುದು.

ಮತ್ತೆ ಆ ಮನೆಯಲ್ಲಿ

ಗುರಪ್ಪನಪಾಳ್ಯದ ಆ ಬೆಕ್ಕು ಏನಾಯಿತೆಂದು ನೀವು ಕೇಳಬಹುದು. ವೈದ್ಯರು ಅದರ ಮೈಕೂದಲನ್ನೆಲ್ಲ ಬೋಳಿಸಿದರು. ಕೆಳಗೆ ಚರ್ಮ ಹುಣ್ಣಾಗಿತ್ತು. ಮಗಳಿಗೂ ಬೆಕ್ಕಿಗೂ ವಾರಗಟ್ಟಲೆ ಔಷಧ ನಡೆಯಿತು. ತಾಯಿ ಈ ಸಲ ಎಲ್ಲವನ್ನೂ ತಾವೇ ಹೊರಲಿಲ್ಲ. ಮಗನನ್ನು ಕೂರಿಸಿಕೊಂಡು, “ತಂದವನು ನೀನು, ಲೆಕ್ಕ ಕೊಡಬೇಕಾದವನೂ ನೀನು” ಎಂದರು. ಮಗ್ರಿಬ್ ಆದ ಮೇಲೆ ಕಾಲು ಗಂಟೆ ಬಾಚುವುದು, ಟ್ರೇ ತೆಗೆಯುವುದು ಅವನ ಪಾಲಿನ ಕೆಲಸವಾಯಿತು. ಮೊದಮೊದಲು ಗೊಣಗಿದ. ಈಗ ಗೊಣಗುವುದಿಲ್ಲ.

ಹೋದ ತಿಂಗಳು ಹೋಗಿದ್ದೆ. ಕೂದಲು ಮತ್ತೆ ಬಂದಿದೆ. ಆ ಒಂದು ಕಣ್ಣು ಮಾತ್ರ ಮಂಜಾಗಿಯೇ ಉಳಿಯಿತು, ಅದು ಇನ್ನು ಸರಿಹೋಗದಂತೆ. ನಾನು ಚಹಾ ಕುಡಿಯುತ್ತಿದ್ದಾಗ ಬೆಕ್ಕು ಬಂದು ಕಾಲ ಸುತ್ತ ಒಂದು ಸುತ್ತು ಹಾಕಿ, ಆ ಹುಡುಗನ ಪಕ್ಕ ಹೋಗಿ ಕುಳಿತಿತು. ಗಾಳಿಗೆಂದು ಮನೆಯ ಬಾಗಿಲು ತೆರೆದೇ ಇತ್ತು. ಅದು ಅತ್ತ ನೋಡಲೂ ಇಲ್ಲ.

ಸಹೋದರಿಯರೇ, ನಿಮ್ಮ ಮಗು ಬೆಕ್ಕು ಬೇಕೆಂದು ಕೇಳಿದರೆ ಬೇಡವೆನ್ನಬೇಡಿ, ಕೂಡಲೇ ಆಗಲಿ ಎನ್ನಲೂ ಬೇಡಿ. ಮೊದಲು ಒಂದು ತಿಂಗಳು ಓಣಿಯ ಬೆಕ್ಕಿಗೆ ದಿನವೂ ತಪ್ಪದೆ ನೀರು, ಆಹಾರ ಇಡಲು ಹೇಳಿ. ತಿಂಗಳು ಪೂರ್ತಿ ಮರೆಯದೆ ಇಟ್ಟರೆ, ಆಗ ಪರ್ಶಿಯನ್ ಬೆಕ್ಕಿನ ಮಾತು ತೆಗೆಯಿರಿ.